ಎರೆಹೊಲದ ಬೇಟೆಹಕ್ಕಿಗೆ ಯಾವ ಮರೆ? ಕಾರೋ, ಕಂಬಳಿಯೋ, ಡೇರೆಯೋ

ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಣಕಾಲುದ್ದ ಆಗುವ ಹೊತ್ತಿಗೆ ಗೆಳೆಯರ ಫೋನು ಶುರುವಾಗುತ್ತದೆ. "ಕೊಪ್ಪಳದ ಕಡೆ ಹ್ಯಾರಿಯರ್ ಬಂದಿವೆಯಂತೆ, ಡೇರೆ ತಗೊಳ್ಲಾ, ಇಲ್ಲಾ ದೊಡ್ಡ ಲೆನ್ಸೇ ತಗೊಳ್ಲಾ?" ಹ್ಯಾರಿಯರ್ ಅಂದರೆ ಚಳಿಗಾಲಕ್ಕೆ ವಲಸೆ ಬಂದು, ಹೊಲದ ಮೇಲೆ ತಗ್ಗಿನಲ್ಲಿ ತೇಲುತ್ತಾ ಬೇಟೆಯಾಡುವ ಹಕ್ಕಿ. ಕೆಲವರು ಆಗಲೇ ಮಿಲಿಟರಿ ಬಣ್ಣದ ಜಾಕೆಟ್ ಕೊಂಡಿರುತ್ತಾರೆ. ಕೆಲವರು ಕಾರಿನಿಂದಲೇ ತೆಗೆದು, ಎಲ್ಲಾ ಚಿತ್ರ ಮಸುಕಾಗಿ ಬಂದು ಬೇಜಾರಾಗಿರುತ್ತಾರೆ. ಹನ್ನೊಂದು ಚಳಿಗಾಲ ಕುಕನೂರು, ಯಲಬುರ್ಗಾ, ಸಿರುಗುಪ್ಪ, ಸಿಂಧನೂರು ಕಡೆ ಕೂತು ಎದ್ದು, ಬೇಟೆಹಕ್ಕಿ ಹೆದರದ ಹಾಗೆ ಯಾವ ಮರೆಯಲ್ಲಿ ಅಡಗಿ ಕೂತು ಚಿತ್ರ ತೆಗೆಯಬೇಕು ಅಂತ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೂರದ ಮಾತು. ಎರೆಮಣ್ಣು ಕಪ್ಪು. ಬಿಸಿಲು ಬಿದ್ದ ಕೂಡಲೇ ಕಾಯುತ್ತದೆ. ಡಿಸೆಂಬರ್‌ನಲ್ಲೂ ಒಂಬತ್ತೂವರೆ ಆಗುವಷ್ಟರಲ್ಲಿ ನೆಲದಿಂದ ಝಳ ಏಳುತ್ತದೆ. ನೂರು ಮೀಟರ್ ಆಚೆ ಕೂತ ಹಕ್ಕಿ ನೀರಿನೊಳಗೆ ಕೂತಂತೆ ಅಲುಗಾಡುತ್ತದೆ. ಆಗ ಎಷ್ಟು ದುಬಾರಿ ಲೆನ್ಸ್ ಇದ್ದರೂ ಚಿತ್ರ ಮಸುಕೇ. ಝಳವನ್ನೂ ಅದು ಹಿಗ್ಗಿಸಿ ತೋರಿಸುತ್ತದೆ, ಅಷ್ಟೇ. ಬದಲಿಗೆ ಹಕ್ಕಿ 30 ಮೀಟರ್ ಹತ್ತಿರ ಬಂದರೆ ಲೆಕ್ಕವೇ ಬೇರೆ. ಸಣ್ಣ ಸೆನ್ಸರ್ ಇರುವ (ಕ್ರಾಪ್ ಸೆನ್ಸರ್) ಕ್ಯಾಮೆರಾಗೆ 400 ಎಂಎಂ ಲೆನ್ಸ್ ಹಾಕಿದರೆ ಅಷ್ಟು ದೂರದಲ್ಲಿ ಚಿತ್ರದ ಅಗಲ ಸುಮಾರು 1.8 ಮೀಟರ್. ಹ್ಯಾರಿಯರ್ ರೆಕ್ಕೆ ಬಿಚ್ಚಿದರೆ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಚಿತ್ರದ ಅರ್ಧಕ್ಕಿಂತ ಹೆಚ್ಚು ಜಾಗ ಹಕ್ಕಿಯೇ ತುಂಬುತ್ತದೆ. ಇನ್ನೇನು ಬೇಕು? ಅದಕ್ಕೇ ಕೇಳಿದವರಿಗೆಲ್ಲ ನಾನು ಹೇಳುವುದು ಇದನ್ನೇ. ಲೆನ್ಸಿಗೆ ಲಕ್ಷ ಸುರಿಯುವ ಮೊದಲು ಮರೆಯ ವಿಚಾರ ಮಾಡಿ.

ಆಯ್ಕೆಗೆ ಮೊದಲು ಕೇಳಿಕೊಳ್ಳಬೇಕಾದದ್ದು

ಯಾವ ಹಕ್ಕಿ? ಇದು ಮೊದಲ ಪ್ರಶ್ನೆ, ಉಳಿದದ್ದೆಲ್ಲ ಇದರ ಹಿಂದೆ ಬರುತ್ತದೆ. ನಮ್ಮಲ್ಲಿ ಚಳಿಗಾಲದಲ್ಲಿ ಎರಡು ಥರದ ಬೇಟೆಹಕ್ಕಿಗಳಿವೆ. ಒಂದು, ವಲಸೆ ಬಂದವು. ಪ್ಯಾಲಿಡ್ ಹ್ಯಾರಿಯರ್, ಮಾಂಟೆಗ್ಯೂ ಹ್ಯಾರಿಯರ್, ಜೌಗಿನ ಮಾರ್ಷ್ ಹ್ಯಾರಿಯರ್, ಸ್ಟೆಪ್ ಹದ್ದು, ಬೂಟೆಡ್ ಹದ್ದು, ಕೆಸ್ಟ್ರೆಲ್, ಹಿನ್ನೀರಿಗೆ ಬರುವ ಆಸ್ಪ್ರೆ. ಇವು ಇಲ್ಲಿ ಗೂಡು ಕಟ್ಟುವುದಿಲ್ಲ. ಬರುತ್ತವೆ, ತಿನ್ನುತ್ತವೆ, ಹೋಗುತ್ತವೆ. ಇನ್ನೊಂದು, ಇಲ್ಲೇ ಇರುವವು. ಟಾನಿ ಹದ್ದು, ಬೊನೆಲ್ಲಿ ಹದ್ದು, ಲಗ್ಗರ್ ಫಾಲ್ಕನ್, ಕೆಂಪು ಕತ್ತಿನ ಪುಟ್ಟ ಫಾಲ್ಕನ್, ಬಂಡೆಗಳಲ್ಲಿರುವ ಕೊಂಬಿನ ಗೂಬೆ. ಇವುಗಳಿಗೆ ಚಳಿಗಾಲವೇ ಗೂಡಿನ ಕಾಲ. ನೀವು ಮರೆ ಹಾಕಿಕೊಂಡು ಕೂತ ಬಂಡೆಯ ಹಿಂದೆಯೇ ಗೂಬೆಯ ಮೊಟ್ಟೆ ಇರಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಬೇಟೆಯ ಲೆಕ್ಕಕ್ಕೇ ಬರುತ್ತದೆ. ಕಾಯ್ದೆ ಹಾಗಿರಲಿ, ತಾಯಿ ಎದ್ದು ಹೋದ ಮೇಲೆ ಬಿಸಿಲಿಗೆ ಬಿದ್ದ ಮೊಟ್ಟೆ ಏನಾಗುತ್ತದೆ ಅಂತ ಯೋಚಿಸಿದರೆ ಸಾಕು, ಅಲ್ವಾ? ಹಾಗಾಗಿ ಈ ಬರಹದಲ್ಲಿ ಗೂಡಿನ ಮುಂದೆ ಕೂರುವ ಮರೆ ಇಲ್ಲವೇ ಇಲ್ಲ.

ಎರಡನೆಯದು, ಹಕ್ಕಿ ಈಗಾಗಲೇ ಯಾವುದಕ್ಕೆ ಹೆದರುವುದನ್ನು ಬಿಟ್ಟಿದೆ ಅನ್ನುವುದು. ನಮ್ಮ ಹೊಲಗಳಲ್ಲಿ ಹಕ್ಕಿಗೆ ಟ್ರ್ಯಾಕ್ಟರ್ ಗೊತ್ತು, ಬಂಡಿ ಗೊತ್ತು, ಕುರಿಹಿಂಡು ಗೊತ್ತು, ಬಗ್ಗಿ ಕಳೆ ಕೀಳುವ ಹೆಂಗಸರು ಗೊತ್ತು. ಗೊತ್ತಿಲ್ಲದ್ದು ಒಂದೇ. ನೆಟ್ಟಗೆ ತನ್ನ ಕಡೆಗೇ ನಡೆದು ಬರುವ ಮನುಷ್ಯ. ಹಕ್ಕಿ ನಿಮ್ಮನ್ನು ಕಂಡರೂ ಲೆಕ್ಕಕ್ಕೆ ತಗೊಳ್ಳದಿದ್ದರೆ ಅದೇ ಒಳ್ಳೆ ಮರೆ.

ಆಮೇಲೆ ಬೆಳಕು, ಗಾಳಿ. ಇಲ್ಲಿ ಚಳಿಗಾಲದಲ್ಲಿ ಮೂಡಗಾಳಿ ಬೀಸುತ್ತದೆ. ಹಕ್ಕಿ ಗಾಳಿಗೆ ಎದುರಾಗಿಯೇ ಇಳಿಯುತ್ತದೆ, ಗಾಳಿಗೆ ಎದುರಾಗಿಯೇ ಏಳುತ್ತದೆ. ಬೆಳಿಗ್ಗೆ ಸೂರ್ಯನೂ ಮೂಡಣದಲ್ಲಿ, ಗಾಳಿಯೂ ಮೂಡಣದಿಂದ. ನೀವು ಪೂರ್ವದ ಬದುವಿನಲ್ಲಿ ಪಶ್ಚಿಮಕ್ಕೆ ಮುಖ ಮಾಡಿ ಕೂತರೆ, ಇಳಿಯುವ ಹಕ್ಕಿ ಮುಖಕ್ಕೆ ಬೆಳಕು ಬಿದ್ದು ನಿಮ್ಮ ಕಡೆಗೇ ಬರುತ್ತದೆ. ಸಂಜೆ ಇದೇ ಲೆಕ್ಕ ತಿರುಗುತ್ತದೆ. ಬೆಳಕಿಗಾಗಿ ಪಶ್ಚಿಮದಲ್ಲಿ ಕೂತರೆ ಇಳಿಯುವ ಹಕ್ಕಿಯ ಬೆನ್ನು ಕಾಣುತ್ತದೆ. ನನ್ನ ಒಳ್ಳೆಯ ಚಿತ್ರಗಳೆಲ್ಲ ಬೆಳಿಗ್ಗೆಯವೇ ಯಾಕೆ ಅಂತ ತಿಳಿಯೋಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ಉಳಿದದ್ದು ನಿಮ್ಮ ಸಮಯ, ನಿಮ್ಮ ಸೊಂಟ, ನಿಮ್ಮ ಜೇಬು.

ಕಾರು

ಮೊದಲ ಸಲ ಬರುವವರಿಗೆ, ಒಂದೇ ದಿನ ಇರುವವರಿಗೆ, ಚಿಕ್ಕ ಮಕ್ಕಳ ಜೊತೆ ಬರುವವರಿಗೆ ಕಾರೇ ಸರಿ. ನಿಂತ ಕಾರನ್ನು ಹಕ್ಕಿ ಕಲ್ಲಿನ ಹಾಗೆ ನೋಡುತ್ತದೆ. ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟರೆ ಮಾತ್ರ ಮುಗಿಯಿತು. ಬೈಕಿನಲ್ಲಿ ಈ ಅನುಕೂಲ ಇಲ್ಲ. ಓಡುವಾಗ ಸುಮ್ಮನಿರುವ ಹಕ್ಕಿ, ಬೈಕ್ ನಿಂತ ತಕ್ಷಣ ಹಾರುತ್ತದೆ.

ಕಾರಿನಲ್ಲಿ ಕೂರುವುದಕ್ಕೂ ರೀತಿ ಇದೆ. ಹಕ್ಕಿ ಕಂಡ ಕೂಡಲೇ ಬ್ರೇಕ್ ಹಾಕಬೇಡಿ. ನಿಧಾನ ಮಾಡುತ್ತಾ, ಅದರ ಕಡೆ ನೆಟ್ಟಗೆ ಹೋಗದೆ ಓರೆಯಾಗಿ ಹೋಗಿ. ನಿಂತ ಮೇಲೆ ಎಂಜಿನ್ ಆರಿಸಿ, ಇಲ್ಲದಿದ್ದರೆ ನಡುಕ ಚಿತ್ರದಲ್ಲಿ ಬರುತ್ತದೆ. ಎದುರು ಬದಿಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ. ಕಟ್ಟದಿದ್ದರೆ ಆ ಕಿಟಕಿಯ ಬೆಳಕಿನಲ್ಲಿ ನಿಮ್ಮ ತಲೆ ಅಲುಗುವುದು ಹಕ್ಕಿಗೆ ಚೆನ್ನಾಗಿ ಕಾಣುತ್ತದೆ. ಕಿಟಕಿಯ ಮೇಲೆ ಲೆನ್ಸ್ ಇಡಲು ಚೀಲ ಬೇಕು. ಅಂಗಡಿಯದು ಬೇಡ. ದಪ್ಪ ಬಟ್ಟೆಯಲ್ಲಿ ದರ್ಜಿ ಹತ್ತಿರ ಹೊಲಿಸಿ ಹತ್ತಿಕಾಳು ತುಂಬಿ. ರಾಯಚೂರು ಕಡೆ ದನದ ಮೇವಿಗೆ ಮಾರುವ ಹತ್ತಿಕಾಳೇ ಸಾಕು. ಲೆನ್ಸ್ ಜಾರದೆ ಕೂರುತ್ತದೆ.

ರಸ್ತೆ ಆರಿಸುವಾಗ ಉತ್ತರ ದಕ್ಷಿಣವಾಗಿ ಹೋಗುವುದನ್ನು ಹುಡುಕಿ. ಬೆಳಿಗ್ಗೆ ಪಶ್ಚಿಮದ ಹೊಲ, ಸಂಜೆ ಪೂರ್ವದ ಹೊಲ, ಎರಡೂ ಹೊತ್ತು ಸೂರ್ಯ ನಿಮ್ಮ ಬೆನ್ನಿಗೆ. ಗಂಗಾವತಿ, ಸಿಂಧನೂರಿನ ಗದ್ದೆ ಸೀಮೆಯಲ್ಲಿ ಕಾಲುವೆ ಏರಿಯ ದಾರಿಗಳು ಕಾರಿನವರಿಗೆ ಬಲು ಚೆನ್ನ. ಮಾರ್ಷ್ ಹ್ಯಾರಿಯರ್ ಗದ್ದೆಯ ಮೇಲೆ ಗಸ್ತು ಹೊಡೆಯುತ್ತಾ ಕಣ್ಣೆತ್ತರದಲ್ಲೇ ಹಾದುಹೋಗುತ್ತದೆ.

ಕಾರಿನ ಕೊರತೆ ಏನೆಂದರೆ, ರಸ್ತೆ ಇದ್ದಲ್ಲಿ ಮಾತ್ರ ನೀವು. ಕಂಬದ ಮೇಲೆ ಕೂತ ಹಕ್ಕಿ ತೆಗೆದರೆ ಹಿಂದೆ ಬರೀ ಬಿಳಿ ಆಕಾಶ. ನೆಲದ ಮೇಲೆ ಕೂತದ್ದನ್ನು ತೆಗೆದರೆ ಮೇಲಿನಿಂದ ಬಗ್ಗಿ ನೋಡಿದ ಹಾಗೆ ಕಾಣುತ್ತದೆ. ಮತ್ತೆ, ಅಕಾಲಕ್ಕೆ ಮಳೆ ಬಿದ್ದ ಮಾರನೇ ದಿನ ಎರೆ ದಾರಿಗೆ ಇಳಿಯಲೇಬೇಡಿ. ಚಕ್ರಕ್ಕೆ ಮಣ್ಣು ಮೆತ್ತಿಕೊಂಡು ಕಾರು ಅಲ್ಲೇ ಕೂರುತ್ತದೆ. ಬಳ್ಳಾರಿ ಜಾಲಿಯ ಮುಳ್ಳು ಇನ್ನೊಂದು ಕಾಟ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಹೊರಡಿ.

ಕಂಬಳಿ, ಬಲೆ

ನನಗೆ ಅತಿ ಪ್ರೀತಿಯ ಮರೆ ಇದು. ಹ್ಯಾರಿಯರ್‌ಗೆ ಇದಕ್ಕಿಂತ ಒಳ್ಳೆಯದು ನನಗಿನ್ನೂ ಸಿಕ್ಕಿಲ್ಲ.

ಇದನ್ನು ಹೇಳಿಕೊಟ್ಟವರು ಯಲಬುರ್ಗಾ ಕಡೆಯ ಒಬ್ಬ ಕುರಿಗಾಹಿ ಅಜ್ಜ. ನಾನು ಎರಡು ದಿನ ಬದುವಿನುದ್ದಕ್ಕೂ ಬಗ್ಗಿ ಬಗ್ಗಿ ನಡೆದು ಹ್ಯಾರಿಯರ್ ಹಿಂದೆ ಬಿದ್ದಿದ್ದೆ. ಮೂರನೇ ದಿನ ಅವರೇ ಕರೆದು ಕೂರಿಸಿಕೊಂಡು ಹೇಳಿದರು, "ನೀವು ಬೆನ್ನ ಹತ್ತಿದ್ರ ಅದು ಹೊಕ್ಕೈತ್ರಿ. ಕಂಬ್ಳಿ ಹೊತ್ಕೊಂಡು ಸುಮ್ನ ಕುಂದರ್ರಿ, ಕುರಿ ಹಿಂದ ತಾನ ಬರ್ತೈತಿ." ಹಾಗೇ ಆಯಿತು. ಕುರಿಗಳು ಮೇಯುತ್ತಾ ಹೋದ ಹಾಗೆ ಮಿಡತೆ ಏಳುತ್ತವೆ, ನೆಲದ ಸಣ್ಣ ಹಕ್ಕಿಗಳು ಏಳುತ್ತವೆ. ಹ್ಯಾರಿಯರ್ ಆ ಹಿಂಡಿನ ಅಂಚಿನಲ್ಲೇ ತೇಲುತ್ತಾ ಬಂತು. ಗಂಡು ಪ್ಯಾಲಿಡ್, ಬೂದಿ ಬಿಳುಪು ಮೈ, ರೆಕ್ಕೆ ತುದಿಯಲ್ಲಿ ಕಪ್ಪು ಬೆಣೆ. ನೆಲದಿಂದ ಮೊಣಕಾಲೆತ್ತರದಲ್ಲಿ ನನ್ನ ಮುಂದೆಯೇ ಹಾದುಹೋಯಿತು. ಕಜಾಕಸ್ತಾನದ ಹುಲ್ಲುಗಾವಲಿನ ಕಡೆಯಿಂದ ಬಂದ ಹಕ್ಕಿ, ನಮ್ಮ ಊರಿನ ಕುರಿಹಿಂಡನ್ನು ನಂಬಿಕೊಂಡು ಊಟ ಹುಡುಕುತ್ತಿತ್ತು. ಆ ದಿನ ನನಗೆ ಕಣ್ಣು ತುಂಬಿ ಬಂದಿತ್ತು.

ಕರಿ ಕಂಬಳಿ ಕಪ್ಪು ಮಣ್ಣಿನಲ್ಲಿ ಕರಗಿಹೋಗುತ್ತದೆ. ಉತ್ತ ಹೊಲ, ಕಡಲೆ ಹೊಲದ ಅಂಚು, ಇಂಥ ಕಡೆ ಅದಕ್ಕೆ ಸಾಟಿ ಇಲ್ಲ. ಬೆಳಗಿನ ಚಳಿಗೂ ಆಗುತ್ತದೆ. ಒಣಹುಲ್ಲು, ಕೊಯ್ದ ಜೋಳದ ಕೂಳೆ ಇರುವಲ್ಲಿ ಮಾತ್ರ ಮೈಮೇಲೆ ಹೊದೆಯುವ ಕಂದು ಹಳದಿ ಬಲೆ ಒಳ್ಳೆಯದು. ಕಡುಹಸಿರು ಬಲೆ ಕೊಳ್ಳಬೇಡಿ. ಅದು ಮಲೆನಾಡಿಗೆ ಸರಿ. ಜನವರಿಯ ಕೊಪ್ಪಳದಲ್ಲಿ ಹಸಿರು ಬಲೆಯೇ ದೂರದಿಂದ ಎದ್ದು ಕಾಣುತ್ತದೆ.

ಮಲಗಿ ತೆಗೆದರೆ ಹಕ್ಕಿ ನಿಮ್ಮ ಕಣ್ಣಿನ ಮಟ್ಟಕ್ಕೇ ಇರುತ್ತದೆ, ಹಿಂದಿನ ಹೊಲ ದೂರಕ್ಕೆ ಕರಗಿ ಮೆತ್ತಗೆ ಕಾಣುತ್ತದೆ. ಹಾರುವ ಹ್ಯಾರಿಯರ್‌ಗೆ ನಾನು ಶಟರ್ ವೇಗವನ್ನು 1/2000 ಸೆಕೆಂಡಿಗಿಂತ ನಿಧಾನ ಇಡುವುದಿಲ್ಲ. ಕಂಬಳಿಯ ಕೆಳಗಿನಿಂದ 600 ಎಂಎಂ ತಿರುಗಿಸುವುದು ಕಷ್ಟ. ಇಲ್ಲಿ 100-400 ಥರದ ಹಗುರ ಲೆನ್ಸೇ ಗೆಲ್ಲುತ್ತದೆ.

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಒಂದೂವರೆ ಗಂಟೆಗಿಂತ ಜಾಸ್ತಿ ಮಲಗಲು ಆಗುವುದಿಲ್ಲ. ಬಿಸಿಲೇರಿದರೆ ಉಣ್ಣೆಯೊಳಗೆ ಬೆವರು ಇಳಿಯುತ್ತದೆ. ಬದುವಿನ ಕಲ್ಲು, ಒಣಹುಲ್ಲಿನ ಮಧ್ಯೆ ಕೊಳಕುಮಂಡಲ, ಚೇಳು ಇರುತ್ತವೆ. ಮಲಗುವ ಮೊದಲು ಕೋಲಿನಿಂದ ಬಡಿದು ನೋಡಿ, ಟಾರ್ಚ್ ಇಟ್ಟುಕೊಳ್ಳಿ, ಬೂಟು ತೆಗೆಯಬೇಡಿ. ಬೆನ್ನುನೋವು ಇರುವವರಿಗೆ ಇದು ಬೇಡ.

ಹೊಲದವರಿಗೆ ಹೇಳದೆ ಮಲಗುವುದಂತೂ ತಪ್ಪು. ಒಂದು ಸಲ ನಾನು ಕತ್ತಲಲ್ಲಿ ಬಂದು ಯಾರಿಗೂ ಹೇಳದೆ ಬಲೆ ಹೊದ್ದು ಮಲಗಿದ್ದೆ. ನೀರು ಬಿಡಲು ಬಂದ ಹೆಣ್ಣುಮಗಳು ಬೆದರಿ ಕೂಗಿಕೊಂಡಳು. ಅವಳ ಎದೆ ಹೊಡೆದುಕೊಂಡದ್ದು ನೆನೆದರೆ ಇವತ್ತಿಗೂ ಸಂಕಟ. ಆಮೇಲಿನಿಂದ ಹಿಂದಿನ ಸಂಜೆಯೇ ಊರಿಗೆ ಹೋಗಿ ಹೊಲ ಯಾರದು ಕೇಳಿ, ಅವರ ಮನೆಯಲ್ಲಿ ಹೇಳಿ ಬರುತ್ತೇನೆ.

ಡೇರೆ

ಮಡಚಿ ಒಯ್ಯುವ ಡೇರೆ, ಅಂದರೆ ಕಿಟಕಿ ಇರುವ ಬಟ್ಟೆಯ ಗೂಡು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುವ ಹಕ್ಕಿಗೆ. ಹೊಲದಲ್ಲಿ ಅಲೆದು ಬೇಟೆಯಾಡುವ ಹ್ಯಾರಿಯರ್‌ಗೆ ಡೇರೆ ಹಾಕಿ ಕೂತರೆ ಇಡೀ ದಿನ ಸುಮ್ನೆ ಹೋಗಬಹುದು. ಆದರೆ ಕೆಸ್ಟ್ರೆಲ್ ದಿನಾ ಕೂರುವ ಒಣಕೊಂಬೆ ಇದ್ದರೆ, ಬೇಟೆಹಕ್ಕಿಗಳು ನೀರಿಗೆ ಬರುವ ಜಾಗ ಗೊತ್ತಿದ್ದರೆ, ಡೇರೆಯ ಮುಂದೆ ಉಳಿದದ್ದೆಲ್ಲ ಹಿಂದೆ.

ನೀರಿನ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಜನವರಿ ಕಳೆದ ಮೇಲೆ ಹಳ್ಳ, ಗುಂಡಿ ಒಣಗುತ್ತಾ ಬರುತ್ತವೆ. ಆಗ ಕೆರೆಯಂಚು, ಕೃಷಿಹೊಂಡದ ಪಕ್ಕದ ಸೋರು ನೀರು, ಇಂಥ ಕಡೆ ದೊಡ್ಡ ಹಕ್ಕಿಗಳು ಹತ್ತರಿಂದ ಹನ್ನೆರಡರ ನಡುವೆ ಕುಡಿಯಲು, ಮೀಯಲು ಇಳಿಯುತ್ತವೆ. ಆ ಹೊತ್ತಿಗೆ ಝಳ ಎದ್ದಿರುತ್ತದೆ ನಿಜ. ಆದರೆ ಡೇರೆ ನೀರಿನಿಂದ ಹದಿನೈದು ಇಪ್ಪತ್ತು ಮೀಟರ್ ದೂರದಲ್ಲಿದ್ದರೆ ಝಳ ಲೆಕ್ಕಕ್ಕೆ ಬರುವುದಿಲ್ಲ. ಹತ್ತು ಗಂಟೆ ಮೇಲೂ ಒಳ್ಳೆ ಚಿತ್ರ ಕೊಡುವ ಮರೆ ಇದೊಂದೇ.

ಇದಕ್ಕೆ ಬೇಕಾದ್ದು ಸಮಯ. ಡೇರೆಯನ್ನು ಮೂರ್ನಾಲ್ಕು ದಿನ ಮೊದಲೇ ಹಾಕಿ ಬಿಡಬೇಕು. ಹಕ್ಕಿ ಅದನ್ನು ನೋಡಿ ನೋಡಿ ಮರೆಯಬೇಕು. ಕಾಯಲು ಪಕ್ಕದ ಹೊಲದವರಿಗೆ ಹೇಳಿ, ಅವರ ಕೂಲಿ ಕೊಡಿ. ಬೆಳಕು ಹರಿಯುವ ಮೊದಲೇ ಒಳಗೆ ಹೋಗಿ. ತಡವಾದರೆ ಜೊತೆಗೊಬ್ಬರನ್ನು ಕರೆದೊಯ್ದು, ಅವರು ಮಾತ್ರ ಎಲ್ಲರಿಗೂ ಕಾಣುವ ಹಾಗೆ ವಾಪಸ್ ನಡೆದು ಹೋಗಲಿ. ಬಂದವರು ಹೋದರು ಅಂತ ಹಕ್ಕಿ ನಿರಾಳವಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ಹೊರಗೆ ಬರುವಾಗಲೂ ಹಕ್ಕಿ ಇಲ್ಲದ ಹೊತ್ತು ನೋಡಿ. ಎದುರಿಗೇ ಎದ್ದು ಬಂದರೆ ಆ ಡೇರೆ ಮತ್ತೆ ಯಾವತ್ತೂ ಕೆಲಸಕ್ಕೆ ಬಾರದು.

ಐದಾರು ಗಂಟೆ ಕೂರಬೇಕು. ನೀರು, ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು. ಸದ್ದಿಲ್ಲದ ಶಟರ್ ಇರುವ ಮಿರರ್‌ಲೆಸ್ ಕ್ಯಾಮೆರಾ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಳೆಯ ಕ್ಯಾಮೆರಾ ಇದ್ದರೆ ಹಕ್ಕಿ ಕೂತ ಕೂಡಲೇ ಒತ್ತಬೇಡಿ. ಒಂದು ನಿಮಿಷ ಬಿಟ್ಟು ಒಂದೊಂದೇ ಚಿತ್ರ ತೆಗೆಯುತ್ತಾ ಹೋಗಿ.

ಉಳಿದವು, ಚುಟುಕಾಗಿ

ಬಂಡಿ ಸಿಕ್ಕರೆ ಬಿಡಬೇಡಿ. ರೈತರ ಜೊತೆ ಮೇವು ತರಲು ಹೋದ ಹಾಗೆ ಹೋದರೆ ಕಾರು ಹೋಗದ ಹೊಲದ ನಡುವೆ ಹೋಗಬಹುದು. ಎತ್ತು ನಿಲ್ಲದೆ ಅಲುಗುತ್ತಿರುವುದರಿಂದ ಇಳಿದು ಗಾಲಿಯ ಮರೆಯಲ್ಲಿ ಕೂರಬೇಕು.

ತುಂಗಭದ್ರೆಯ ಹಿನ್ನೀರಿನಲ್ಲಿ ಆಸ್ಪ್ರೆ ಬೇಕಿದ್ದರೆ ಮೀನುಗಾರರ ಹರಿಗೋಲು ಇದೆ. ನೆಟ್ಟ ಗೂಟದ ಮೇಲೆ ಮೀನು ಹಿಡಿದು ಕೂತ ಆಸ್ಪ್ರೆ ಅವರಿಗೆ ಹೆದರುವುದಿಲ್ಲ. ಆದರೆ ಹರಿಗೋಲು ತಿರುಗುತ್ತದೆ, ಕ್ಯಾಮೆರಾ ಒದ್ದೆಯಾಗುವ ಭಯ ಬೇರೆ. ಈಜು ಬಾರದವರು, ಲೈಫ್ ಜಾಕೆಟ್ ಇಲ್ಲದವರು ದಡದಲ್ಲೇ ಇರಿ.

ದುಡ್ಡು ಕೊಟ್ಟು ಕೂರುವ ಕಟ್ಟಿಟ್ಟ ಮರೆಗಳನ್ನು, ಅಂದರೆ ಹೈಡ್‌ಗಳನ್ನು ಕೆಲವರು ಕೇಳುತ್ತಾರೆ. ಗಣೇಶಗುಡಿಯಂಥ ಕಡೆ ನೀರಿನ ತೊಟ್ಟಿ ಮುಂದೆ ಕೂತರೆ ಕಾಡಿನ ಸಣ್ಣ ಹಕ್ಕಿಗಳು ಸೊಗಸಾಗಿ ಸಿಗುತ್ತವೆ. ಬಯಲಿನ ಬೇಟೆಹಕ್ಕಿಗೆ ಅದು ದಾರಿಯಲ್ಲ. ಹ್ಯಾರಿಯರ್‌ಗಳನ್ನೇ ಗುಂಪುಗುಂಪಾಗಿ ನೋಡಬೇಕು, ಖರ್ಚಿಗೆ ಅಡ್ಡಿಯಿಲ್ಲ ಅನ್ನುವವರು ಗುಜರಾತಿನ ವೇಳಾವದರದ ಹುಲ್ಲುಗಾವಲಿಗೆ ಹೋಗಬಹುದು.

ಇನ್ನು ಆಸೆ ತೋರಿಸಿ ಕರೆಯುವುದು. ಕೋಳಿ, ಪಾರಿವಾಳ ಕಟ್ಟಿ ಹದ್ದು ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಸತ್ತ ದನ ಎಳೆದು ಹಾಕುವುದು ಇನ್ನೂ ಅಪಾಯ. ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ ಚುಚ್ಚಿದ ದನ ತಿಂದು ಈ ದೇಶದ ರಣಹದ್ದುಗಳು ನಾಶವಾದವು, 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು. ಸ್ಟೆಪ್ ಹದ್ದಿಗೂ ಅದು ವಿಷ ಅಂತ 2014ರ ಹೊತ್ತಿಗೆ ಗೊತ್ತಾಯಿತು. ನೀವು ಎಳೆದು ಹಾಕಿದ ದನಕ್ಕೆ ಸಾಯುವ ಮೊದಲು ಏನು ಚುಚ್ಚಿದ್ದರು ಅಂತ ನಿಮಗೆ ಗೊತ್ತಿರುತ್ತದೆಯೇ?

ಸಂಜೆ ಹ್ಯಾರಿಯರ್‌ಗಳು ಹುಲ್ಲಿನಲ್ಲಿ ನೆಲದ ಮೇಲೇ ಒಟ್ಟಾಗಿ ಮಲಗುತ್ತವೆ. ಆ ಜಾಗ ನಿಮಗೆ ಕಂಡರೆ ಅಲ್ಲಿ ಯಾವ ಮರೆಯೂ ಬೇಡ. ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ ಬನ್ನಿ, ಊರಿನ ಹೆಸರನ್ನು ಫೋಟೋ ಜೊತೆ ಹಾಕಬೇಡಿ. ಸಿರುಗುಪ್ಪ ಸೀಮೆಯಲ್ಲಿ ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್, ಅಳಿವಿನಂಚಿನ ದೊಡ್ಡ ಹಕ್ಕಿ) ಕಣ್ಣಿಗೆ ಬಿದ್ದರೂ ಹಾಗೇ. ಕ್ಯಾಮೆರಾ ಕೆಳಗಿಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ.

ಯಾರಿಗೆ ಯಾವುದು

ಕಾಲೇಜು ಹುಡುಗರು, ಕೈಯಲ್ಲಿ ಐದು ಸಾವಿರವೂ ಇಲ್ಲ ಅಂತಿಟ್ಟುಕೊಳ್ಳಿ. ಮನೆಯ ಹಳೆ ಕಂಬಳಿ, ಹತ್ತಿಕಾಳಿನ ಚೀಲ, ಇದ್ದ ಲೆನ್ಸ್. ಬಸ್ಸಿನಲ್ಲಿ ಹಿಂದಿನ ಸಂಜೆಯೇ ಹಳ್ಳಿಗೆ ಹೋಗಿ ಉಳಿಯಿರಿ. ಬೆಳಗಿನ ಜಾವ ಕಾರು ಹೊಡೆದುಕೊಂಡು ಬರುವವರಿಗಿಂತ ನೀವೇ ಮೊದಲು ಹೊಲದಲ್ಲಿರುತ್ತೀರಿ.

ಬೆಂಗಳೂರು, ಹುಬ್ಬಳ್ಳಿಯಿಂದ ವಾರದ ಕೊನೆಗೆ ಬರುವವರಿಗೆ ಕಾರು ಮತ್ತು ಒಂದು ಕಂದು ಬಲೆ. ಬೆಳಿಗ್ಗೆ ಆರೂವರೆಯಿಂದ ಎಂಟರವರೆಗೆ ಬಲೆ, ಆಮೇಲೆ ಕಾರು. ಡೇರೆ ತರಬೇಡಿ. ಎರಡು ದಿನದಲ್ಲಿ ಹಕ್ಕಿ ಅದಕ್ಕೆ ಹೊಂದುವುದಿಲ್ಲ, ನೀವು ತಾಳ್ಮೆ ಕಳೆದುಕೊಂಡು ಅದನ್ನು ಹತ್ತಿರ ಹತ್ತಿರ ಸರಿಸುತ್ತೀರಿ. ನಾನೂ ಸರಿಸಿದ್ದೇನೆ. ಹಕ್ಕಿ ಆ ನೀರನ್ನೇ ಬಿಟ್ಟು ಹೋಯಿತು.

ಇಲ್ಲೇ ಇರುವವರಿಗೆ, ಮೇಷ್ಟ್ರು, ಬ್ಯಾಂಕಿನವರು, ರಜೆ ಸಿಕ್ಕಾಗಲೆಲ್ಲ ಹೋಗಬಲ್ಲವರಿಗೆ ಡೇರೆಗೆ ಹಾಕಿದ ದುಡ್ಡು ಸಾರ್ಥಕ. ಒಂದೇ ಹೊಂಡ, ಒಂದೇ ಚಳಿಗಾಲ. ಮೊಣಕಾಲು ನೋವಿನ ಹಿರಿಯರಿಗೂ ಡೇರೆಯೇ ಹಿತ, ಒಳಗೆ ಕುರ್ಚಿ ಹಾಕಬಹುದು. ಹೆಣ್ಣುಮಕ್ಕಳು ಒಬ್ಬರೇ ಹೋಗುವುದಾದರೆ ಕಾರು, ಇಲ್ಲವೇ ಊರಿನ ಮನೆಯವರು ಯಾರಾದರೂ ಹತ್ತಿರದಲ್ಲೇ ಕೆಲಸ ಮಾಡುವ ಹೊಲದಲ್ಲಿ ಡೇರೆ.

ದುಡ್ಡಿದೆ, 600 ಎಂಎಂ ಕೊಳ್ಳಲೇಬೇಕು ಅನ್ನುವವರು ಕೊಳ್ಳಿ. ಕಾರಿಗೆ, ಡೇರೆಗೆ ಅದು ಚೆನ್ನ. ಕಂಬಳಿಗೆ ಮಾತ್ರ ಗೆಳೆಯರ ಸಣ್ಣ ಲೆನ್ಸ್ ಒಂದು ದಿನ ಕೇಳಿ ತಗೊಂಡು ನೋಡಿ.

ಡೇರೆಯ ಜಾಗ ಹುಡುಕುವವರಿಗೆ ಎಳ್ಳ ಅಮಾವಾಸ್ಯೆ ಒಳ್ಳೆಯ ದಿನ. ಅವತ್ತು ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಬಂದು ಚರಗ, ಅಂದರೆ ಭೂತಾಯಿಯ ಎಡೆ, ಚೆಲ್ಲುತ್ತಾರೆ. ಹೊಲದ ತುಂಬ ಜನ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಕ್ಯಾಮೆರಾ ಮನೆಯಲ್ಲಿಟ್ಟು ಹೋಗಿ. ಕರೆದವರ ಜೊತೆ ಕೂತು ಊಟ ಮಾಡಿ. ಯಾವ ಹೊಂಡಕ್ಕೆ ಹದ್ದು ಇಳಿಯುತ್ತದೆ ಅಂತ ಅಲ್ಲಿನ ಹುಡುಗರನ್ನು ಕೇಳಿ, ಮುಂದಿನ ವಾರ ಅಲ್ಲಿ ಡೇರೆ ಹಾಕಲು ಹಿರಿಯರ ಒಪ್ಪಿಗೆ ಪಡೆದು ಬನ್ನಿ.